ನಿಮ್ಮ ನಲ್ಲಿ ನೀರು ನೋಡದವರ ಸಲಹೆ

ಎಲ್ಲರಿಗೂ ನಮಸ್ಕಾರ.

ಏನಾದರೂ ಕೊಳ್ಳುವ ಮುಂಚೆ ಯಾರ ಮಾತು ನಂಬಬೇಕು ಅನ್ನುವುದು ಇವತ್ತಿನ ವಿಷಯ. ಎಲ್ಲ ವಸ್ತುಗಳ ಬಗ್ಗೆಯೂ ಹೇಳಹೊರಟರೆ ಯಾವುದೂ ನೆನಪಲ್ಲಿ ಉಳಿಯುವುದಿಲ್ಲ. ಹಾಗಾಗಿ ವಾಟರ್ ಪ್ಯೂರಿಫೈಯರ್ ಒಂದನ್ನೇ ತೆಗೆದುಕೊಳ್ಳುತ್ತೇನೆ.

ಮನೆ ಬಾಗಿಲಿಗೆ ಬಂದು "ಫ್ರೀಯಾಗಿ ನೀರು ಟೆಸ್ಟ್ ಮಾಡಿಕೊಡ್ತೀವಿ" ಎನ್ನುವವರನ್ನು ನೀವು ನೋಡಿರಬಹುದು. ಒಂದು ಲೋಟದಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು, ಅಂದರೆ ತೆಳು ಪೊರೆಯ (ಮೆಂಬ್ರೇನ್) ಮೂಲಕ ಒತ್ತಿ ಲವಣ ತೆಗೆದ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಸಿ ಕರೆಂಟ್ ಹಾಯಿಸುತ್ತಾರೆ. ಸ್ವಲ್ಪ ಹೊತ್ತಿಗೆ ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅವರದ್ದು ತಿಳಿಯಾಗಿಯೇ ಇರುತ್ತದೆ. ಪುಟ್ಟ ಮಕ್ಕಳಿರುವ ಮನೆಯವರಿಗೆ ಅಲ್ಲೇ ಎದೆ ಧಸಕ್ಕೆನ್ನುತ್ತದೆ.

ಆ ಬಣ್ಣ ಬಂದದ್ದು ಕಡ್ಡಿಯಿಂದ. ನೀರಲ್ಲಿ ಲವಣ ಇದ್ದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕಡ್ಡಿಯ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಲ್ಲಿ ಲವಣ ತೀರಾ ಕಡಿಮೆ, ಅದಕ್ಕೇ ಏನೂ ಕಾಣುವುದಿಲ್ಲ. ಅವರ ಲೋಟಕ್ಕೇ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿಸಿ, ಅದೂ ಕಂದಾಗುತ್ತದೆ. ಹೀಗೆ ಹೆದರಿಸಿ ಮಾರುವವರ ಸಲಹೆಯನ್ನು ದಯವಿಟ್ಟು ಕೇಳಲೇಬೇಡಿ.

ಸಲಹೆ ಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಿಮ್ಮ ಮನೆಗೆ ಯಾವ ನೀರು ಬರುತ್ತದೆ? ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೆಂಗಳೂರಿಗೆ ಬರುವ ಕಾವೇರಿ ನೀರು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಆ ನೀರಿನಲ್ಲಿ ನೋಡಿಕೊಳ್ಳಬೇಕಾದ್ದು ಕ್ರಿಮಿಗಳನ್ನು. ಅದಕ್ಕೆ ಯುವಿ (ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕು) ಸಾಕು, ಕುದಿಸಿ ಆರಿಸಿದರೂ ಸಾಕು. ಆರ್‌ಒ ಹಾಕಿಸಿದರೆ ಒಂದು ಲೀಟರ್ ಕುಡಿಯಲು ಸಿಗುವಾಗ ಎರಡು ಮೂರು ಲೀಟರ್ ಸುಮ್ನೆ ಮೋರಿಗೆ ಹೋಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರಿನ ಕಥೆಯೇ ಬೇರೆ. ಅಲ್ಲಿ ಎಷ್ಟೋ ಕಡೆ ಫ್ಲೋರೈಡ್ ಎಂಬ ಲವಣ ಮಿತಿಗಿಂತ ಜಾಸ್ತಿ ಇದೆ. ಅದು ಯುವಿಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಅದನ್ನು ತೋರಿಸುವುದೂ ಇಲ್ಲ. ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಬೇಕು. ಕಾವೇರಿ ನೀರು ಕುಡಿಯುವವರು ಯುವಿ ಮೆಷಿನ್ನಿಗೆ ಮನಸಾರೆ ಐದು ಸ್ಟಾರ್ ಕೊಟ್ಟಿರಬಹುದು. ಅವರು ಸುಳ್ಳು ಹೇಳಿಲ್ಲ. ಆದರೂ ಕೋಲಾರದವರು ಅದನ್ನು ನಂಬಿ ಕೊಂಡರೆ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಹಾಳಾಗಬಹುದು.

ಇನ್ನು ವಿಡಿಯೋ ಮಾಡುವವರು. ಕಂಪನಿಯಿಂದ ದುಡ್ಡೋ ವಸ್ತುವೋ ಪಡೆದಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಲೇಬೇಕು ಎಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ತಿಳಿಸಿದೆ. ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಕೆಳಗೆ ಕೊಟ್ಟ ಲಿಂಕ್‌ನಿಂದ ನೀವು ಕೊಂಡರೆ ಅವರಿಗೆ ಕಮಿಷನ್ ಬರುತ್ತಾ ಅಂತಲೂ ನೋಡಿ. ಕಮಿಷನ್ ತೆಗೆದುಕೊಂಡೂ ಸರಿಯಾಗಿ ಹೇಳುವವರಿದ್ದಾರೆ. ಅಂಥವರು "ಈ ನೀರಿದ್ದರೆ ಇದನ್ನು ಕೊಳ್ಳಬೇಡಿ" ಎಂದು ಬಾಯಿಬಿಟ್ಟು ಹೇಳುತ್ತಾರೆ. ಯಾರಿಗೂ ಯಾವುದನ್ನೂ ಬೇಡ ಎನ್ನದವರನ್ನು ನಾನು ನಂಬುವುದಿಲ್ಲ.

ಆನ್‌ಲೈನ್ ರಿವ್ಯೂಗಳಲ್ಲಿ ಜಾಸ್ತಿ ಇರುವುದು ಮೊದಲ ವಾರದ ಖುಷಿ. ಡೆಲಿವರಿ ಬೇಗ ಬಂತು, ಡಬ್ಬಿ ಚೆನ್ನಾಗಿತ್ತು, ಇಷ್ಟೇ. ಆದರೆ ಫಿಲ್ಟರ್, ಮೆಂಬ್ರೇನ್ ಬದಲಿಸುವ ಖರ್ಚು ಶುರುವಾಗುವುದು ಆಮೇಲೆ, ಅಲ್ವಾ? ಹಾಗಾಗಿ ಒಂದು ವರ್ಷ ಬಳಸಿ ಬರೆದವರನ್ನು ಹುಡುಕಿ. ನಿಮ್ಮ ಊರಿನ ಹೆಸರಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಸರ್ವಿಸ್ ಊರಿಂದೂರಿಗೆ ಬೇರೆ.

ನನ್ನ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲು ನಿಮ್ಮದೇ ಬೀದಿಯಲ್ಲಿ ಎರಡು ವರ್ಷದಿಂದ ಅದನ್ನು ಬಳಸುತ್ತಿರುವ ಮನೆಯವರು. ಅವರು ಕುಡಿಯುವುದೂ ಅದೇ ನೀರು. ಕೆಟ್ಟಾಗ ರಿಪೇರಿಯವರು ಎಷ್ಟು ದಿನಕ್ಕೆ ಬಂದರು ಎಂದು ಕೇಳಿ. ಸರ್ವಿಸ್ ಬಿಲ್ ಇಟ್ಟಿದ್ದರೆ ಒಮ್ಮೆ ನೋಡಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗಳು. ಕೇಳುವಾಗ ಮನೆಗೆ ಯಾವ ನೀರು ಬರುತ್ತದೆ ಅನ್ನುವುದನ್ನೂ ಹೇಳಿ.