ಮೊನೆ ಟೋಪಿನ ತಲೆಕೆಳಗೆ ಮಾಡಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಹಳೇ ಜರ್ಮನ್ ಸೈನಿಕರ ಫೋಟೋ ನೋಡಿದೋರಿಗೆ ಒಂದು ಹೆಲ್ಮೆಟ್ ನೆನಪಿದ್ದೇ ಇರುತ್ತೆ, ಕಪ್ಪಗೆ ಹೊಳೆಯೋ ಚರ್ಮ, ಹಣೆ ಮೇಲೆ ರೆಕ್ಕೆ ಬಿಚ್ಚಿದ ಹಿತ್ತಾಳೆ ಹದ್ದು, ನೆತ್ತೀಲಿ ಚೂಪು ಮೊನೆ. ಪಿಕಲ್‌ಹೌಬೆ ಅಂತಾರೆ. ಬಿಸ್ಮಾರ್ಕ್ ಕಾರ್ಟೂನ್ ಬರೆಯೋರಿಗೂ ಅದೇ ಬೇಕು, ಜರ್ಮನ್ ಚಕ್ರವರ್ತಿ ಕೈಸರ್ ಕಾರ್ಟೂನ್ ಬರೆಯೋರಿಗೂ ಅದೇ ಬೇಕು. ಇದನ್ನ ಹುಡುಕಿ ಹುಡುಕಿ ಕೂಡಿಹಾಕೋ ಜನ ಜರ್ಮನಿ, ಬೆಲ್ಜಿಯಂ, ಇಂಗ್ಲೆಂಡ್, ಅಮೆರಿಕ ಎಲ್ಲ ಕಡೆ ಇದಾರೆ, ಆದ್ರೆ ಅವರು ಮೊನೆ ಕಡೆ ಅಷ್ಟಾಗಿ ತಲೆ ಕೆಡಿಸ್ಕೊಳಲ್ಲ, ಕೈಗೆ ಸಿಕ್ಕಿದ ತಕ್ಷಣ ತಲೆಕೆಳಗೆ ಮಾಡಿ ಒಳಗೆ ಟಾರ್ಚ್ ಬಿಡ್ತಾರೆ.

ಅಲ್ಲೇನಿರುತ್ತೆ ಅನ್ನೋ ಮುಂಚೆ ಸ್ವಲ್ಪ ಹಿನ್ನೆಲೆ. 1842ರಲ್ಲಿ, ದೊಡ್ಡ ಜರ್ಮನ್ ರಾಜ್ಯವಾಗಿದ್ದ ಪ್ರಷ್ಯದ ರಾಜ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಇದನ್ನ ತನ್ನ ಸೈನ್ಯಕ್ಕೆ ತಂದ. ಶುರುಗೆ ಬಹಳ ಎತ್ತರ ಇತ್ತು, ಹೋಗ್ತಾ ಹೋಗ್ತಾ ಕುಳ್ಳಗಾಯ್ತು. ಪ್ರಷ್ಯದ ಫಿರಂಗಿ ದಳದವರಿಗೆ ಮೊನೆ ಬದಲು ನೆತ್ತೀಲಿ ಚೆಂಡಿನ ಥರ ಒಂದು ಗುಂಡು. ಒಂದೊಂದೇ ಜರ್ಮನ್ ರಾಜ್ಯ ಇದನ್ನ ಹಾಕ್ಕೊಂಡ್ರೂ ಬವೇರಿಯದವರು ಮಾತ್ರ ನಮ್ಮ ಹಳೇ ಹೆಲ್ಮೆಟ್ಟೇ ಚೆಂದ ಅಂತ ಕೂತಿದ್ರು, 1886ರಲ್ಲಿ ಅವರ ರಾಜ ಎರಡನೇ ಲುಡ್ವಿಗ್ ತೀರಿಕೊಂಡ ಮೇಲೇ ಅವರೂ ಬದಲಾಯಿಸಿದ್ದು. ಆದ್ರೂ ಹಣೆ ಮೇಲೆ ಹದ್ದು ಬರೋಕೆ ಬಿಡಲಿಲ್ಲ, ತಮ್ಮ ಸಿಂಹಗಳನ್ನೇ ಇಟ್ಕೊಂಡ್ರು.

ಹದ್ದು, ಸಿಂಹ ಇರೋ ಈ ಹಣೆ ತಗಡಲ್ಲೇ ಮೋಸ ಜಾಸ್ತಿ. ಪ್ರಷ್ಯದ ಸೈನ್ಯ ದೊಡ್ಡದು, ಹಾಗಾಗಿ ಹದ್ದಿನವು ಬೇಕಾದಷ್ಟು ಸಿಗ್ತವೆ, ಸಣ್ಣಪುಟ್ಟ ರಾಜ್ಯಗಳದ್ದು ಅಪರೂಪ, ಅಪರೂಪ ಅಂದ್ಮೇಲೆ ರೇಟು ಏರುತ್ತೆ. ಅದಕ್ಕೇ ಕೆಲವರು ಹದ್ದನ್ನ ಕಿತ್ತು ಬೇರೆ ರಾಜ್ಯದ ತಗಡು ಕೂರಿಸ್ತಾರೆ. ಸಾಮಾನ್ಯ ಸೈನಿಕನ ತಗಡಿಗೆ ಹಿಂದೆ ಎರಡು ಕುಣಿಕೆ ಇರ್ತವೆ, ಅವು ಚರ್ಮದ ತೂತಲ್ಲಿ ಒಳಗೆ ಬರ್ತವೆ, ಒಂದೊಂದು ರಾಜ್ಯದ ತಗಡಿಗೆ ತೂತಿನ ಜಾಗ ಬೇರೆ ಬೇರೆ. ಹೊರಗಿಂದ ಹೊಸ ತಗಡು ಹಳೇ ತೂತನ್ನ ಮುಚ್ಚಿಬಿಡುತ್ತೆ, ಒಳಗಿಂದ ನೋಡಿದ್ರೆ ಎರಡರ ಜಾಗದಲ್ಲಿ ನಾಲ್ಕು ತೂತು! ಅಲ್ಲಿಗೆ ಮುಗೀತು ಕಥೆ.

ಮತ್ತೆ ಹಿಂದುಗಡೆ, ಕತ್ತಿನ ಮೇಲೆ ಬರೋ ಅಂಚಿನ ಒಳಗಡೆ ಮುದ್ರೆ ಹುಡುಕ್ತಾರೆ. ಸರ್ಕಾರ ಕೊಟ್ಟ ಹೆಲ್ಮೆಟ್ ಆದ್ರೆ ಬಟ್ಟೆ ಡಿಪೋದ ಗುರುತು, ವರ್ಷ, ಸೈಜು, ಕೆಲವೊಂದ್ರಲ್ಲಿ ಯಾವ ರೆಜಿಮೆಂಟು ಎಷ್ಟನೇ ಕಂಪನಿ ಅನ್ನೋದೂ ಒತ್ತಿರುತ್ತೆ. ಆಫೀಸರುಗಳು ಸ್ವಂತ ದುಡ್ಡಲ್ಲಿ ಮಾಡಿಸ್ಕೊಳ್ತಿದ್ರು, ಡಿಪೋ ಮುದ್ರೆ ಇರಲ್ಲ, ಒಳಗೆ ರೇಷ್ಮೆ ಅಸ್ತರ್ ಇರುತ್ತೆ, ಮೊನೆ ಬುಡದಲ್ಲಿ ದುಂಡು ಮೊಳೆ ಬದಲು ನಕ್ಷತ್ರದ ಥರ ಮೊಳೆ. ಹೆಲ್ಮೆಟ್ಟಿನ ಎರಡೂ ಪಕ್ಕ ಇರೋ ಬಣ್ಣದ ಬಿಲ್ಲೆಗಳೂ ಲೆಕ್ಕಕ್ಕೆ ಬರ್ತವೆ, ಬಲಗಡೆ ಕಪ್ಪು ಬಿಳಿ ಕೆಂಪು ಸಾಮ್ರಾಜ್ಯದ ಬಿಲ್ಲೆ ಬಂದಿದ್ದೇ 1897ರಲ್ಲಿ.

ಆಫೀಸರ್ ಹೆಲ್ಮೆಟ್ ಶೋಕೇಸಲ್ಲಿ ಝಗಮಗ ಅನ್ನುತ್ತೆ ನಿಜ, ಆದ್ರೆ ನನ್ನ ಕೇಳಿದ್ರೆ 1915ರ ಬಡಕಲು ಹೆಲ್ಮೆಟ್ಟೇ ಮೇಲು, ಯಾಕಂದ್ರೆ ಮೊದಲನೇ ಮಹಾಯುದ್ಧ ಏನು ಮಾಡ್ತು ಅನ್ನೋದು ಅದರ ಮೈಮೇಲೇ ಕಾಣುತ್ತೆ. ಬ್ರಿಟಿಷರು ಸಮುದ್ರ ದಾರಿ ಮುಚ್ಚಿದ್ರು, ದಕ್ಷಿಣ ಅಮೆರಿಕದಿಂದ ಬರ್ತಿದ್ದ ಚರ್ಮ ನಿಂತುಹೋಯ್ತು, ಸೈನ್ಯಕ್ಕೆ ಲಕ್ಷಗಟ್ಟಲೆ ಹೊಸಬರು ಸೇರ್ತಿದಾರೆ, ಹೆಲ್ಮೆಟ್ ಎಲ್ಲಿಂದ ತರೋದು? ಉಣ್ಣೆ ಫೆಲ್ಟಲ್ಲಿ ಮಾಡಿದ್ರು, ತೆಳು ತಗಡಲ್ಲಿ ಮಾಡಿದ್ರು, ಹಿತ್ತಾಳೆ ಬದಲು ಬೂದು ಬಣ್ಣದ ಕಬ್ಬಿಣ ಬಂತು. ಹೊಳೆಯೋದು ಶತ್ರು ಕಣ್ಣಿಗೆ ಬೀಳಬಾರದು ಅಂತ ಯುದ್ಧಕ್ಕೆ ಮುಂಚಿಂದಾನೂ ಮೇಲೊಂದು ಬಟ್ಟೆ ಕವರ್ ಇತ್ತು, ಆದ್ರೆ ಅದರ ಮೇಲೆ ರೆಜಿಮೆಂಟ್ ನಂಬರನ್ನ ಕೆಂಪಲ್ಲಿ ಹಾಕಿದ್ರು ಮಹಾನುಭಾವರು, 1914ರಲ್ಲಿ ಯುದ್ಧ ಶುರುವಾದ್ಮೇಲೆ ಹಸಿರಿಗೆ ತಿರುಗಿಸಿದ್ರು. 1915ರ ಮಾದರೀಲಿ ಮೊನೆನೇ ತಿರುಗಿಸಿ ಬಿಚ್ಚಿಡಬಹುದು, ಯಾಕಂದ್ರೆ ಕಂದಕದಲ್ಲಿ ತಲೆ ಬಗ್ಗಿಸಿದ್ರೂ ಮೊನೆ ಮೇಲೆ ಕಾಣ್ತಿತ್ತು. ಇಷ್ಟೆಲ್ಲ ಮಾಡಿದ್ರೂ ಗುಂಡಿನ ಚೂರು ತಡೆಯೋ ಶಕ್ತಿ ಚರ್ಮಕ್ಕೂ ಇರಲಿಲ್ಲ ಫೆಲ್ಟಿಗಂತೂ ಕೇಳಲೇಬೇಡಿ, 1916ರಲ್ಲಿ ಉಕ್ಕಿನ ಹೆಲ್ಮೆಟ್ ಬಂತು, ಇದು ಮೂಲೆ ಸೇರ್ತು.

ಅಮೆರಿಕದಲ್ಲಿ ಇವು ಇಷ್ಟೊಂದು ಯಾಕಿವೆ ಅಂದ್ರೆ, ಸೈನಿಕರು ನೆನಪಿಗೆ ಅಂತ ಹೊತ್ತು ತಂದಿದ್ದು ಒಂದು ಕಡೆ, 1919ರಲ್ಲಿ ಯುದ್ಧ ಸಾಲದ ಬಾಂಡ್ ಮಾರೋಕೆ ಸರ್ಕಾರವೇ ಇವನ್ನ ಬಹುಮಾನವಾಗಿ ಹಂಚಿದ್ದು ಇನ್ನೊಂದು ಕಡೆ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂನಲ್ಲಿ ಸಾವಿರಾರು ಜರ್ಮನ್ ಹೆಲ್ಮೆಟ್ ಪೇರಿಸಿ ಪಿರಮಿಡ್ಡೇ ಕಟ್ಟಿದ್ರು, ಅದರ ಫೋಟೋಗಳಿವೆ ನೋಡಿ.

ಈ ವ್ಯವಹಾರದಲ್ಲಿ ನಮ್ಮ ದೇಶದ ಹೆಸರೂ ಬರುತ್ತೆ, ಆದ್ರೆ ಹೆಮ್ಮೆಗಲ್ಲ. ನಾಟಕಕ್ಕೆ, ಸಿನಿಮಾಗೆ, ವೇಷ ಹಾಕೋರಿಗೆ ಅಂತ ಇಲ್ಲಿ ತಯಾರಾಗಿ ಹೊರದೇಶಕ್ಕೆ ಹೋಗೋ ನಕಲು ಪಿಕಲ್‌ಹೌಬೆಗಳು ಬೇಕಾದಷ್ಟಿವೆ. ನಕಲು ಅಂತ ಹೇಳಿ ಮಾರಿದ್ರೆ ತಪ್ಪೇನಿಲ್ಲ, ಕೈ ಬದಲಾಗ್ತಾ ಬದಲಾಗ್ತಾ ಟೀ ಡಿಕಾಕ್ಷನ್ ಬಳಿದು ಅಜ್ಜನ ಕಾಲದ್ದು ಅಂದಾಗ ತೊಂದರೆ. ನೂರು ವರ್ಷದ ಚರ್ಮ ಕುಗ್ಗಿರುತ್ತೆ, ಮೇಲಿನ ಕಪ್ಪು ಪಾಲಿಶ್ ಸಣ್ಣದಾಗಿ ಸೀಳಿರುತ್ತೆ, ಅಂಚಿನ ಹೊಲಿಗೆ ಅಲ್ಲಲ್ಲಿ ಬಿಟ್ಟಿರುತ್ತೆ. ಅದನ್ನ ಹೊಸದು ಮಾಡೋಕೆ ಬ್ರಾಸೋ ಹಿಡ್ಕೊಂಡು ಉಜ್ಜಬೇಡಿ, ಮೊನೆ ಹಿಡಿದು ಎತ್ತಬೇಡಿ, ಬಿಸಿಲು ಬೀಳೋ ಕಡೆ ಇಡಲೇಬೇಡಿ. ಮಾರೋನು ಒಳಗಿನ ಫೋಟೋ ಕಳಿಸಲ್ಲ ಅಂದ್ರೆ ಮುಂದೆ ಮಾತೇ ಬೇಡ, ನಮಸ್ಕಾರ ಹೇಳಿ ಫೋನಿಡಿ. ನಿಮಗೂ ನಮಸ್ಕಾರ.