ಮಾಯದ ಗಾಯ

ಕೇಳುಗರಿಗೆ ನಮಸ್ಕಾರ. ಹೊಲದಲ್ಲಿ ತೊಗರಿ ಕೊಯ್ಯುತ್ತ ಮೊಬೈಲಿನಲ್ಲಿ ಕೇಳುತ್ತಿರುವವರೂ ಇದ್ದೀರಿ. ಇವತ್ತಿನ ಮಾತು ಶುರುವಾಗುವುದೇ ಕುಡಗೋಲಿನಿಂದ.

ನನಗಾಗ ಹನ್ನೊಂದು ವರ್ಷ. ಚಿಂಚೋಳಿ ಕಡೆ ನಮ್ಮ ಹೊಲದಲ್ಲಿ ಕೊಯ್ಲು ನಡೆದಿತ್ತು. ಕುಡಗೋಲು ಜಾರಿ ಮೊಣಕಾಲ ಕೆಳಗೆ ಬಡಿಯಿತು. ದವಾಖಾನೆಯಲ್ಲಿ ತೊಳೆದು ಪಟ್ಟಿ ಕಟ್ಟಿ ಕಳಿಸಿದರು. ದಿನಾ ಅದನ್ನು ಬದಲಿಸುತ್ತಿದ್ದವಳು ನಮ್ಮ ಆಯಿ. ಎಂಟನೇ ದಿನ ಪಟ್ಟಿ ಬಿಚ್ಚಿದರೆ, ಗಾಯದ ತಳದಲ್ಲಿ ನೆನೆಸಿದ ರವೆಯಂಥ ಕೆಂಪು ಹರಳುಗಳು! ಬೆರಳು ತಾಗಿಸಿದೆ, ರಕ್ತ ಜಿನುಗಿತು. ಆಯಿ ಕೈ ಮೇಲೆ ಒಂದು ಬಿಟ್ಟು, "ಮುಟ್ಟಬ್ಯಾಡ, ಹೊಸ ಮಾಂಸ ಬರ್ಲಾಕತ್ತದ" ಅಂದಳು. ಓದು ಬಾರದ ಆಯಿ ಹೇಳಿದ್ದು ಸರಿಯಾಗಿತ್ತು. ಒಂದೊಂದು ಹರಳೂ ಆಗತಾನೇ ಚಿಗುರಿದ ರಕ್ತನಾಳಗಳ ಗೊಂಚಲು. ಚಿಗುರಿಸಿದವರು ಯಾರು? ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು. ಸತ್ತದ್ದನ್ನೆಲ್ಲ ನುಂಗಿ ಜಾಗ ಹಸನು ಮಾಡುತ್ತವೆ, ವಿಇಜಿಎಫ್ ಎಂಬ ರಸ ಬಿಟ್ಟು ಪಕ್ಕದ ನಾಳಗಳನ್ನು ಕವಲೊಡೆಸುತ್ತವೆ. ಗಾಯ ಮಾಯಿತೋ, ಕೆಲಸ ನಿಲ್ಲಿಸುತ್ತವೆ.

ಮುಂದೆ ವೈದ್ಯನಾಗಿ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಗಡ್ಡೆಯ ಚೂರು ನೋಡಿದೆ. ಅಲ್ಲಿಯೂ ಇವೇ ಕೋಶಗಳು! ಗಡ್ಡೆಯನ್ನು ಕೊಲ್ಲಲು ಬಂದಿರಬೇಕು ಅಂದುಕೊಂಡೆ. ಬಂದದ್ದು ಅದಕ್ಕಲ್ಲ.

ಗಡ್ಡೆ ಸಜ್ಜೆ ಕಾಳಿಗಿಂತ ದೊಡ್ಡದಾಗಬೇಕಾದರೆ ಅದಕ್ಕೆ ಹೊಸ ರಕ್ತನಾಳ ಬೇಕೇ ಬೇಕು. ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲೇ ಇದನ್ನು ಹೇಳಿದರು. ಆಮ್ಲಜನಕ ಸಾಲದ ಗಡ್ಡೆ ಗಾಯದಂತೆಯೇ ಕೂಗು ಹಾಕುತ್ತದೆ. ಈ ಕೋಶಗಳು ಓಡಿ ಬಂದು ನಾಳ ಚಿಗುರಿಸುತ್ತವೆ. "ಬೇಲಿನೇ ಹೊಲ ಮೇಯ್ದಂಗಾತಲ್ರಿ ಡಾಕ್ಟ್ರೇ" ಅನ್ನುತ್ತಾರೆ ಜನ. ದಯವಿಟ್ಟು ಹಾಗನ್ನಬೇಡಿ, ಎಷ್ಟು ಸಲ ಹೇಳಿದ್ದೇನೆ! ಬೇಲಿ ಮೇಯುತ್ತಿಲ್ಲ. ಅವು ಗಾಯ ಮಾಯಿಸುತ್ತಿವೆ. ಗಾಯ ಮಾಯುವುದಿಲ್ಲ, ಆದ್ದರಿಂದ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ಗಡ್ಡೆ ಎಂದರೆ ಮಾಯದ ಗಾಯ ಎಂದು 1986ರಲ್ಲಿ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ ಬರೆದದ್ದು ಇದನ್ನೇ.

ಸಮಯ ಮುಗಿಯುತ್ತ ಬಂತು. ನ್ಯೂಟ್ರೋಫಿಲ್, ಮಾಸ್ಟ್ ಎಂಬ ಬೇರೆ ರೋಗನಿರೋಧಕ ಕೋಶಗಳದೂ ಇದೇ ಕಥೆ. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ 2004ರಿಂದ ಬಳಕೆಯಲ್ಲಿದೆ. ಅದನ್ನು ಆಪರೇಷನ್ನಿಗೆ ನಾಲ್ಕು ವಾರ ಮುಂಚೆಯೇ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಹೊಲಿಗೆಯ ಗಾಯವೂ ಮಾಯುವುದಿಲ್ಲ. ನೋಡ್ರಿ, ಎರಡೂ ಕಡೆ ಅದೇ ರಸ, ಅದೇ ನಾಳ!

ಬಾಯಲ್ಲಿ ಹುಣ್ಣಾಗಿ ಮೂರು ವಾರವಾದರೂ ಮಾಯದಿದ್ದರೆ ಅದು ಕ್ಯಾನ್ಸರ್ ಇರಬಹುದು, ದವಾಖಾನೆಗೆ ಬನ್ನಿ. ಗುಟ್ಕಾ ಹಾಕುವವರು ಎರಡೇ ವಾರಕ್ಕೆ ಬನ್ನಿ.