ಕೂಗು ಜೋರಾದರೆ ನೀರು ಕಮ್ಮಿ: ಥೈರಾಯ್ಡ್ ರಿಪೋರ್ಟ್ ಓದುವ ಬಗೆ

(ಮಾನ್ವಿಯಲ್ಲಿ ಮಹಿಳಾ ಸಂಘದ ಸದಸ್ಯರ ಮುಂದೆ ವೈದ್ಯೆಯೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ. ಅರ್ಧ ಜನರ ಕೈಯಲ್ಲಿ ಲ್ಯಾಬ್ ಚೀಟಿ ಇದೆ, ಆಗಲೇ ನೋಡಿದೆ.

ಆ ಚೀಟಿಯಲ್ಲಿ ಟಿಎಸ್‌ಎಚ್ ಅಂತ ಒಂದು ಸಾಲು ಇರುತ್ತದೆ. ಗೊಂದಲವೆಲ್ಲ ಅಲ್ಲಿಂದಲೇ ಶುರು. ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ, ಅದು ಕಳಿಸುವುದು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಮಾಡುವುದು ಟಿ4, ಜೊತೆಗೆ ಸ್ವಲ್ಪ ಟಿ3.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರು ಬರದಿದ್ದರೆ ಏನು ಮಾಡುತ್ತೇವೆ? ರಸ್ತೆಗಿಳಿದು ಕೂಗುತ್ತೇವೆ. ನೀರು ಬಂತೋ, ಸುಮ್ನೆ ಗದ್ದೆಗೆ ಹೋಗುತ್ತೇವೆ. ಟಿ4 ಅಂದರೆ ನೀರು. ಟಿಎಸ್‌ಎಚ್ ಅಂದರೆ ಕೂಗು. ನೀರು ಕಮ್ಮಿಯಾದಷ್ಟೂ ಕೂಗು ಜೋರು.

ಅದಕ್ಕೇ ಟಿಎಸ್‌ಎಚ್ 18 ಬಂದವರು 'ನನಗೆ ಥೈರಾಯ್ಡ್ ಜಾಸ್ತಿ' ಅಂದರೆ ನಾನು ತಡೆಯುತ್ತೇನೆ. ಜಾಸ್ತಿ ಅಲ್ಲಮ್ಮಾ, ಕಮ್ಮಿ. ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು ಅದರ ಲಕ್ಷಣ. ಟಿಎಸ್‌ಎಚ್ 0.01ಕ್ಕೆ ಇಳಿದು ಟಿ4 ಏರಿದ್ದರೆ ಕಾಲುವೆ ತುಂಬಿ ಹರಿಯುತ್ತಿದೆ ಅಂತ. ಎದೆ ಢವಢವ, ಕೈ ನಡುಕ, ತೂಕ ಇಳಿಕೆ.

ಕೂಗುವವನಿಗೇ ಗಂಟಲು ಕಟ್ಟಿದರೆ? ಅಪರೂಪಕ್ಕೆ ಹಾಗೂ ಆಗುತ್ತದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ನೀರೂ ಇಲ್ಲ, ಕೂಗೂ ಇಲ್ಲ. ಅದಕ್ಕೇ ಅನುಮಾನ ಬಂದರೆ ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಟಿ4, ಕೂಡ ನೋಡುತ್ತೇವೆ.

ದೊಡ್ಡವರಿಗೆ ಟಿಎಸ್‌ಎಚ್ ಸುಮಾರು 0.4ರಿಂದ 4ರವರೆಗೆ ಇದ್ದರೆ ಸರಿ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚು ಕಮ್ಮಿ. 5, 6 ಬಂದು ಫ್ರೀ ಟಿ4 ಸರಿ ಇದ್ದರೆ ಗಾಬರಿ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರೆ ಎಷ್ಟೋ ಸಲ ತಾನೇ ಇಳಿದಿರುತ್ತದೆ. ಗರ್ಭಿಣಿಯರು ಮಾತ್ರ ಹೀಗೆ ಕಾಯಬಾರದು. ಮೊದಲ ತಿಂಗಳುಗಳಲ್ಲಿ ಮಗುವಿಗೆ ತಾಯಿಯ ಹಾರ್ಮೋನೇ ಆಧಾರ. ಅವರ ಲೆಕ್ಕವೂ ಬೇರೆ. ಕೂಡಲೇ ಡಾಕ್ಟರಿಗೆ ತೋರಿಸಿ.

ಒಬ್ಬ ಹುಡುಗ ತಾಯಿಯನ್ನು ಕರೆದುಕೊಂಡು ಓಡಿ ಬಂದಿದ್ದ. 'ಮೇಡಂ, ಫ್ರೀ ಟಿ4 ಹೋದ ಸಲ 1.2 ಇತ್ತು, ಈಗ 15.4!' ಆ ತಾಯಿ ಬೆಂಚಿನ ಮೇಲೆ ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನೋಡಿದರೆ ಲ್ಯಾಬ್ ಬದಲಾಗಿದೆ. ಮೊದಲನೆಯದು ನ್ಯಾನೋಗ್ರಾಂ ಲೆಕ್ಕ, ಎರಡನೆಯದು ಪಿಕೋಮೋಲ್ ಲೆಕ್ಕ. ಮೊದಲನೆಯದನ್ನು ಸುಮಾರು 12.9ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಎರಡೂ ಒಂದೇ! ಅಂಕಿಯ ಪಕ್ಕದ ಸಣ್ಣ ಅಕ್ಷರವನ್ನೂ ಓದಿ. ಆದಷ್ಟು ಒಂದೇ ಲ್ಯಾಬಿಗೆ ಹೋಗಿ.

ಈಗ ನನ್ನದೇ ಒಂದು ತಪ್ಪು. ಥೈರಾಯ್ಡ್ ಕಮ್ಮಿ ಇದ್ದ ಒಬ್ಬ ಅಕ್ಕನಿಗೆ 75 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಕೊಟ್ಟಿದ್ದೆ, ಟಿಎಸ್‌ಎಚ್ 11ರಿಂದ ಇಳಿಯಲಿಲ್ಲ. 100 ಮಾಡಿದೆ. ಆಗಲೂ ಇಳಿಯಲಿಲ್ಲ. ಕೊನೆಗೆ ಕೇಳಿದೆ, ಮಾತ್ರೆ ಹೇಗೆ ತಗೊಳ್ತೀರಿ ಅಂತ. ನಸುಕಿಗೇ ಹತ್ತಿ ಬಿಡಿಸಲು ಹೋಗಬೇಕು, ಹಾಗಾಗಿ ಚಹಾದ ಜೊತೆಗೇ ನುಂಗಿಬಿಡ್ತೀನಿ, ಕಬ್ಬಿಣದ ಮಾತ್ರೆಯನ್ನೂ ಆಗಲೇ ಅಂದರು. ಮೊದಲೇ ಕೇಳಬೇಕಿತ್ತಲ್ವಾ? ಈ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ತಾಸು ಆದ ಮೇಲೆ. ಅವರಿಗೆ ಡೋಸ್ ವಾಪಸ್ 75ಕ್ಕೆ ತಂದೆ. ಹಾಗೆ ನುಂಗಿದ ಮೇಲೆ ಅಷ್ಟೇ ಸಾಕಾಯಿತು.

ಡೋಸ್ ಬದಲಿಸಿದರೆ ಆರರಿಂದ ಎಂಟು ವಾರ ಬಿಟ್ಟು ರಕ್ತ ಕೊಡಿ. ಹದಿನೈದು ದಿನಕ್ಕೇ ಓಡಿದರೆ ದುಡ್ಡು ದಂಡ. ಆ ದಿನ ಮೊದಲು ರಕ್ತ, ಆಮೇಲೆ ಮಾತ್ರೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುವವರು ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಮೆಷಿನ್‌ಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಮ್ಮಿ, ಟಿ4 ಅನ್ನು ಸುಳ್ಳೇ ಜಾಸ್ತಿ ತೋರಿಸಬಹುದು.

ಸರಿ, ಮೂರನೇ ಸಾಲಿನ ಅಕ್ಕ ಆಗಿನಿಂದ ಚೀಟಿ ಎತ್ತಿ ತೋರಿಸುತ್ತಿದ್ದಾರೆ. ಹೆಸರು ಕಾಣದ ಹಾಗೆ ಮಡಚಿ ಕೊಡಿ ಅಕ್ಕಾ. ಟಿಎಸ್‌ಎಚ್ 7.2, ಫ್ರೀ ಟಿ4 1.1 ನ್ಯಾನೋಗ್ರಾಂ. ಹೇಳಿ ನೋಡೋಣ, ಈ ಕಾಲುವೆಯಲ್ಲಿ ನೀರು ಇದೆಯೋ, ಇಲ್ಲವೋ?